ದೋಸೆಗೂ ನನಗೂ ಮಧ್ಯೆ ನಾಲ್ಕೂವರೆ ಸ್ಟಾರು

ಒಂದು ಮಸಾಲೆ ದೋಸೆ ತಿನ್ನೋಕೆ ನನ್ನ ಫೋನ್ ನಂಬರ್ ಯಾಕೆ ಬೇಕು? ಊರಿಂದ ವಾಪಸ್ ಬಂದು ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿ ಮಾಡಿಲ್ಲ. ಈ ಸಿಟ್ಟು ಮಾತ್ರ ಇನ್ನೂ ಬಿಸಿಬಿಸಿಯಾಗೇ ಇದೆ.

ಬೆಂಗಳೂರಿನಲ್ಲಿ ಈಗ ಸ್ವಲ್ಪ ಲೈಟು ಗೀಟು ಹಾಕಿರೋ ಹೋಟೆಲಿಗೆ ಹೋದರೆ ಮೆನು ಕಾರ್ಡ್ ಅನ್ನೋದೇ ಇರಲ್ಲ. ಟೇಬಲ್ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದರ ಮೇಲೆ ನಮಗಿಂತ ಮುಂಚೆ ಕೂತಿದ್ದವರು ಚೆಲ್ಲಿದ ಸಾಂಬಾರು. ಒರೆಸಿ ಸ್ಕ್ಯಾನ್ ಮಾಡಿದರೆ ಮೊದಲು ಹೆಸರು ಕೇಳಿತು. ಕೊಟ್ಟೆ. ಈಮೇಲ್ ಕೇಳಿತು. ಅದೂ ಕೊಟ್ಟೆ. ಆಮೇಲೆ ಮೊಬೈಲ್ ನಂಬರ್. ಮುಂದೆ +91 ಅಂತ ಅವರೇ ಹಾಕಿಟ್ಟಿದ್ದಾರೆ, ಅಳಿಸೋಕೆ ಬರಲ್ಲ. ನನ್ನದು ಜರ್ಮನಿಯ ನಂಬರ್. ಸಪ್ಲೈಯರ್ ಹುಡುಗ ಬಂದು ಪಕ್ಕದಲ್ಲಿ ನಿಂತು, 'ಓಟಿಪಿ ಬಂತಾ ಸರ್?' ಅಂತ ಕೇಳುತ್ತಾನೆ. ಬ್ಯಾಂಕಲ್ಲಿ ಎಫ್‌ಡಿ ಮುರಿಸೋಕೆ ಬಂದಿದ್ದೀನೇನಪ್ಪಾ?

'ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನ ಒತ್ತಾಯ ಮಾಡಬಾರದು ಅಂತ 2023ರಲ್ಲೇ ಕೇಂದ್ರ ಸರ್ಕಾರ ಹೇಳಿದೆಯಲ್ಲಾ' ಅಂದೆ. ಹುಡುಗ ಪಾಪ, ಗೌರವದಿಂದಲೇ ಕೇಳಿಸಿಕೊಂಡ. ಆಮೇಲೆ, 'ಸಿಸ್ಟಮ್ ತಗೊಳಲ್ಲ ಸರ್' ಅಂದ. ಕೊನೆಗೆ ಅಕ್ಕನ ನಂಬರ್ ಕೊಟ್ಟ ಮೇಲೆ ದೋಸೆ ಬಂತು. ಈಗ ಆ ಹೋಟೆಲಿನಿಂದ ಅಕ್ಕನ ಫೋನಿಗೆ ನನ್ನ ಹೆಸರಿನಲ್ಲಿ ದಿನಾ ಮೆಸೇಜ್ ಬರ್ತಿದೆಯಂತೆ, 'ನಿಮ್ಮನ್ನು ತುಂಬಾ ಮಿಸ್ ಮಾಡ್ಕೋತಾ ಇದ್ದೀವಿ' ಅಂತ. ನನ್ನನ್ನು ಅಷ್ಟೊಂದು ಮಿಸ್ ಮಾಡಿಕೊಳ್ಳೋರು ಮನೆಯಲ್ಲೂ ಇಲ್ಲ.

ಹೊರದೇಶದಲ್ಲಿ ಇರೋರಿಗೆ ಊರಿಗೆ ಹೋಗೋದು ಅಂದ್ರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ವಿಮಾನದಲ್ಲಿ ಕೂತಾಗಿನಿಂದ ತಲೆಯಲ್ಲಿ ಒಂದು ಪಟ್ಟಿ ಓಡ್ತಿರುತ್ತೆ. ನಾನಿರೋ ಊರಲ್ಲಿ 12 ಯೂರೋ ಕೊಟ್ಟರೆ ಒಂದು ದೋಸೆ ಕೊಡ್ತಾರೆ. ನೋಡೋಕೆ ಪ್ರಿಂಟ್ ತೆಗೆದ ಹಾಗಿರುತ್ತೆ, ತಿನ್ನೋಕೂ ಅಷ್ಟೇ. ಹಾಗಾಗಿ ನನ್ನ ಆಸೆ ತುಂಬಾ ಸಣ್ಣದು. ಯಾವುದಾದರೂ ದರ್ಶಿನಿಯ ಕಟ್ಟೆ ಮೇಲೆ ತಟ್ಟೆ ಇಟ್ಟುಕೊಂಡು, ನಿಂತುಕೊಂಡು, ಬಿಸಿ ದೋಸೆ ತಿನ್ನಬೇಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಶುರುವಾದಾಗಿನಿಂದ ಈ ಊರಿಗೆ ಅಭ್ಯಾಸವಾದ ಪದ್ಧತಿ ಅದು. ದುಡ್ಡು ಕೊಡು, ಟೋಕನ್ ತಗೋ, ಕಣ್ಣೆದುರೇ ಹುಯ್ಯೋದನ್ನು ನೋಡು, ತಿನ್ನು, ಕೈ ತೊಳಿ, ನಡಿ. ನೀನ್ಯಾರು ಅಂತ ಯಾರೂ ಕೇಳಲ್ಲ.

ಆದರೆ ಊರಿಗೆ ಬಂದವನನ್ನು ದರ್ಶಿನಿಗೆ ಕರೆದುಕೊಂಡು ಹೋದರೆ ಮರ್ಯಾದೆ ಉಳಿಯುತ್ತಾ? 'ಅಷ್ಟು ದೂರದಿಂದ ಬಂದಿದ್ದಾನೆ, ಒಳ್ಳೆ ಕಡೆ ಕರ್ಕೊಂಡು ಹೋಗೋಣ' ಅಂತ ಮನೆಯಲ್ಲಿ ತೀರ್ಮಾನ ಆಗುತ್ತೆ. ಒಳ್ಳೆ ಕಡೆ ಅಂದರೆ ಪಾಸ್ತಾ ಸಿಗೋ ಕಡೆ. ಪಾಸ್ತಾ ತಿಂದು ತಿಂದು ಸಾಕಾಗಿ ಬಂದವನಿಗೆ ಇಂದಿರಾನಗರದಲ್ಲಿ ಪಾಸ್ತಾ ಕೊಡಿಸಿ, 'ಹೆಂಗಿದೆ? ಅಲ್ಲಿ ತರಾನೇ ಇದೆಯಾ?' ಅಂತ ಕೇಳ್ತಾರೆ. ಅಲ್ಲಿ ತರಾನೇ ಇತ್ತು.

ಈ ಎಲ್ಲ ಕಾರ್ಯಕ್ರಮದ ಸಂಚಾಲಕರು ನಮ್ಮ ಭಾವ. ಒಳ್ಳೆ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗಿಬಂದು, ಅಕ್ಕ ಕೊಟ್ಟ ಓಟ್ಸ್ ಗಂಜಿ ಎರಡನೇ ಮಾತಿಲ್ಲದೆ ಕುಡಿಯೋ ಶಿಸ್ತು. ಆದರೆ ಹೋಟೆಲ್ ವಿಷಯಕ್ಕೆ ಬಂದರೆ ಅವರಿಗೆ ಕಣ್ಣು, ಮೂಗು, ನಾಲಿಗೆ ಮೂರೂ ಕೆಲಸ ಮಾಡಲ್ಲ. ಫೋನಿನ ಸ್ಟಾರ್ ಮಾತ್ರ.

ಕಾರಿನಲ್ಲಿ ಹೋಗ್ತಾ ಇರ್ತೀವಿ. ಎಡಗಡೆ ಒಂದು ಹೋಟೆಲ್. ಬಾಗಿಲಲ್ಲೇ ತುಪ್ಪದ ಘಮ, ಒಳಗೆ ತುಂಬಾ ಜನ, ಎಲ್ಲರ ಮುಖದಲ್ಲೂ ನೆಮ್ಮದಿ. 'ಭಾವ, ಇಲ್ಲೇ ನಿಲ್ಲಿಸಿ' ಅಂದರೆ, ಅವರು ಗಾಡಿ ಸೈಡಿಗೆ ಹಾಕಿ ಫೋನ್ ತೆಗೆಯುತ್ತಾರೆ. 'ಬೇಡ ಕಣೋ, 3.9 ಇದೆ.' ಮುಂದೆ ಇನ್ನೊಂದು. '4.1. ಆದರೆ ನೋಡು, ಒಬ್ಬರು ಬರೆದಿದ್ದಾರೆ, ಚಟ್ನಿ ನೀರು ಅಂತೆ.' ಯಾವಾಗ ಬರೆದಿದ್ದು ಅಂತ ಇಣುಕಿದರೆ ನಾಲ್ಕು ವರ್ಷದ ಹಿಂದೆ. ಆ ಚಟ್ನಿ ಇನ್ನೂ ಇಟ್ಟುಕೊಂಡಿರ್ತಾರಾ? ಹಿಂದಿನ ಸೀಟಿನಿಂದ ಅಮ್ಮ, 'ಹೊಟ್ಟೆ ಹಸೀತಿದೆ ಅಳಿಯಂದ್ರೇ' ಅಂದರೆ, 'ಇನ್ನೊಂದೇ ಕಿಲೋಮೀಟರ್ ಅತ್ತೆ, 4.6 ಇದೆ' ಅನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ಕಿಲೋಮೀಟರ್ ಅಂದರೆ ಮುಕ್ಕಾಲು ಗಂಟೆ ಅಂತ ಎಲ್ಲರಿಗೂ ಗೊತ್ತು, ಭಾವನಿಗೂ.

4.6ರ ಹೋಟೆಲಿಗೆ ಹೋದರೆ ಅಲ್ಲಿ ಏನಿರುತ್ತೆ? ಇಡ್ಲಿ ಮಂಚೂರಿ. ಚಾಕೊಲೇಟ್ ದೋಸೆ. ಪಡ್ಡಿನ ಮೇಲೆ ಚೀಸ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು, ಅದು ಊರಿಗೇ ಹೆಸರು ತಂತು. ಅಕ್ಕಿ ಇಲ್ಲದಾಗ ರವೆ ಇಡ್ಲಿ ಮಾಡಿದ ಊರು, ಎಲ್ಲಾ ಸಿಗೋ ಕಾಲಕ್ಕೆ ಇಡ್ಲಿಗೆ ಸೋಯಾ ಸಾಸ್ ಹಾಕಿ ಕೂತಿದೆ.

ಸರಿ, ತಟ್ಟೆ ಬಂತು ಅಂದುಕೊಳ್ಳಿ. ತಿನ್ನೋ ಹಾಗಿಲ್ಲ. ಭಾವ ಫೋಟೋ ತೆಗೆಯಬೇಕು. ಮೊದಲು ಮೇಲಿಂದ. ಆಮೇಲೆ ಪಕ್ಕದಿಂದ. ಆಮೇಲೆ ದೋಸೆಯ ಒಂದು ತುದಿ ಎತ್ತಿ ಒಳಗಿನ ಪಲ್ಯ ಕಾಣೋ ಹಾಗೆ. ಅಷ್ಟು ಹೊತ್ತಿಗೆ ದೋಸೆ ಮೆತ್ತಗಾಗಿ ತಟ್ಟೆಗೆ ಅಂಟಿಕೊಂಡಿರುತ್ತೆ, ಬೆಣ್ಣೆ ಕರಗಿ ಬಿಳಿ ಗೆರೆ ಕಟ್ಟಿರುತ್ತೆ. ಅದನ್ನು ಬಾಯಿಗೆ ಹಾಕಿಕೊಂಡು ಭಾವ ಗಂಭೀರವಾಗಿ ಹೇಳುತ್ತಾರೆ, 'ಕ್ರಿಸ್ಪಿನೆಸ್ ಕಮ್ಮಿ. ಮೂರೂವರೆ.'

ಒಂದೇ ಒಂದು ಕಡೆ ಅವರ ಆಟ ನಡೆಯಲಿಲ್ಲ. ನನ್ನ ಹಟಕ್ಕೆ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿದ್ವಿ. 1943ರಿಂದ ಇರೋ ಜಾಗ, ಅಲ್ಲಿ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ತೋಳಿನುದ್ದಕ್ಕೂ ಹೊತ್ತು ತರೋದನ್ನು ನೋಡೋದೇ ಒಂದು ಚೆಂದ. ಭಾವ ಎದ್ದು ಅಡ್ಡ ನಿಂತು, 'ಒಂದ್ನಿಮಿಷ ಹಂಗೇ ನಿಂತ್ಕೊಳ್ಳಿ' ಅಂದರು. ಸಪ್ಲೈಯರ್ ನಿಲ್ಲಲೇ ಇಲ್ಲ. 'ಫೋಟೋ ಆಮೇಲೆ ಸಾರ್, ದೋಸೆ ಆರೋಗುತ್ತೆ' ಅಂತ ಪಕ್ಕಕ್ಕೆ ಸರಿದು ಹೋಗೇಬಿಟ್ಟರು. ಎದ್ದು ಕಾಲಿಗೆ ಬೀಳೋಣ ಅನ್ನಿಸಿತು.

ಆದರೆ ಇದೆಲ್ಲ ಏನೂ ಅಲ್ಲ. ಬಫೆಗೆ ಹೋದ ರಾತ್ರಿಯ ಕಥೆ ಕೇಳಿ.

ಅದು ಟೇಬಲ್ ಮಧ್ಯದಲ್ಲೇ ಕೆಂಡದ ಒಲೆ ಇಡೋ ಹೋಟೆಲ್. ಕಡ್ಡಿಗೆ ಚುಚ್ಚಿದ ಪನೀರು, ಅನಾನಸ್ಸು ತಂದು ಒಲೆ ಮೇಲೆ ಇಡ್ತಾರೆ. ಅಮ್ಮ ಸ್ವಲ್ಪ ಹೊತ್ತು ನೋಡಿ, 'ದುಡ್ಡು ಕೊಟ್ಟು ಬಂದು ನಾವೇ ಸುಟ್ಕೋಬೇಕಾ?' ಅಂದರು. ನನಗೆ ಗೊತ್ತಿಲ್ಲದ ಸಂಗತಿ ಏನಂದರೆ, ಟೇಬಲ್ ಬುಕ್ ಮಾಡುವಾಗ, 'ಏನಾದ್ರೂ ವಿಶೇಷ ಇದೆಯಾ ಸರ್?' ಅಂತ ಕೇಳಿದ್ದಕ್ಕೆ ಭಾವ ಕೇಕ್ ಫ್ರೀ ಸಿಗುತ್ತೆ ಅಂತ, 'ಹೌದು, ನಮ್ಮ ಬಾಮೈದನ ಬರ್ತ್‌ಡೇ' ಅಂದಿದ್ದರು.

ನಾನು ಬಾಯಲ್ಲಿ ಬಿಸಿ ಅನಾನಸ್ ಇಟ್ಟುಕೊಂಡು ಒದ್ದಾಡ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಲೈಟು ಆರಿತು. ಡೋಲು ಬಡಿಯೋ ಶಬ್ದ. ಕಪ್ಪು ಶರ್ಟಿನ ಹುಡುಗರ ಗುಂಪು ಚಪ್ಪಾಳೆ ತಟ್ಟಿಕೊಂಡು ನಮ್ಮ ಟೇಬಲ್ ಕಡೆಗೇ ಬಂತು. ಯಾರೋ ನನ್ನ ತಲೆಗೆ ಹೊಳೆಯೋ ಕಾಗದದ ಟೋಪಿ ಹಾಕಿದರು. ಅದರ ಎಲಾಸ್ಟಿಕ್ ಗದ್ದಕ್ಕೆ ಚುರುಕ್ ಅಂತ ಬಡಿಯಿತು. 'ಹ್ಯಾಪಿ ಬರ್ತ್‌ಡೇ ಟು ಯೂ ಸರ್' ಅಂತ ಹಾಡು ಶುರು. ನಾನು ಭಾವನ ಮುಖ ನೋಡಿದೆ. ಅವರು ವಿಡಿಯೋ ಮಾಡ್ತಾ ಇದ್ದರು.

ಭಾವ ಎಲ್ಲರಿಗೂ ಕಣ್ಣು ಹೊಡೆದು ಸನ್ನೆ ಮಾಡಿದ್ದರು, ಅಮ್ಮನಿಗೆ ಬಿಟ್ಟು. ಅಮ್ಮ ಹಾಡಿನ ಮಧ್ಯೆಯೇ ಎದ್ದು ನಿಂತರು. 'ಇವತ್ತು ಇವನ ಹುಟ್ಟಿದಬ್ಬ ಅಲ್ಲಪ್ಪಾ! ಇವನು ಹುಟ್ಟಿದ್ದು ಆಷಾಢದಲ್ಲಿ. ಜೋರು ಮಳೆ. ಇದು ಡಿಸೆಂಬರ್ರು!' ಹುಡುಗರಿಗೆ ಹಾಡು ನಿಲ್ಲಿಸಬೇಕೋ ಮುಂದುವರಿಸಬೇಕೋ ಗೊತ್ತಾಗಲಿಲ್ಲ. ಅರ್ಧ ಜನ ನಿಲ್ಲಿಸಿದರು, ಅರ್ಧ ಜನ ಹಾಡ್ತಾನೇ ಇದ್ದರು. ಡೋಲಿನವನು ಮಾತ್ರ ಏನೂ ಕೇಳಿಸದೆ ಬಡೀತಾ ಇದ್ದ. ಪಕ್ಕದ ಟೇಬಲ್‌ನವರು ತಿನ್ನೋದು ಬಿಟ್ಟು ಇತ್ತಲೇ ನೋಡ್ತಿದ್ದಾರೆ. ಅಕ್ಕ ಅಮ್ಮನ ಸೆರಗು ಎಳೆದು, 'ಸುಮ್ನಿರಮ್ಮಾ, ಇಂಗ್ಲಿಷ್ ತಾರೀಖಿನ ಪ್ರಕಾರ' ಅಂತ ಪಿಸುಗುಟ್ಟಿದಳು. 'ಯಾವ ಪ್ರಕಾರಕ್ಕೂ ಅಲ್ಲ. ಹೆತ್ತವಳು ನಾನು!'

ಮೇಣದಬತ್ತಿ ಊದೋಕೆ ಹೋದೆ, ಬೇಗ ಮುಗಿಲಿ ಅಂತ. 'ಥೂ, ದೀಪ ಆರಿಸಬಾರದು ಕಣೋ!' ಅಂತ ಅಮ್ಮ ಕೈ ಹಿಡಿದರು. ಸರಿ, ಕೇಕ್ ಕತ್ತರಿಸಿದೆ. 'ಇದಕ್ಕೆ ಮೊಟ್ಟೆ ಹಾಕಿದ್ದಾರಾ ಕೇಳು.' ಹಾಕಿದ್ದರು. ಫ್ರೀ ಕೇಕ್ ಹಾಗೇ ಉಳೀತು. ಮೇಣ ಕರಗಿ ಅದರ ಮೇಲೆ ಇಳಿದಿತ್ತು ಬೇರೆ.

ಅಷ್ಟಾದ ಮೇಲೂ ಒಬ್ಬ ಹುಡುಗ ಬಂದು, 'ಸರ್, ಫೈವ್ ಸ್ಟಾರ್ ಕೊಡಿ. ರಿವ್ಯೂನಲ್ಲಿ ನನ್ನ ಹೆಸರು ಹಾಕಿದ್ರೆ ಹೆಲ್ಪ್ ಆಗುತ್ತೆ' ಅಂದ. ಭಾವ ಕನ್ನಡಕ ಸರಿಮಾಡಿಕೊಂಡರು. ಇಪ್ಪತ್ತು ನಿಮಿಷ ಬರೆದರು. ಅಮ್ಮ ನಿದ್ದೆ ಹೋದರು. ಹುಡುಗ ನಿಂತೇ ಇದ್ದ. ಕೊನೆಗೆ ಇಣುಕಿ ನೋಡಿದರೆ ನಾಲ್ಕು ಸ್ಟಾರ್, ಒಂದನ್ನು ಡೋಲಿನ ಸೌಂಡಿಗೆ ಕಡಿದಿದ್ದರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಭಾವ ತಣ್ಣಗೆ, 'ಇದು ಕಡ್ಡಾಯ ಅಲ್ಲ, 2022ರಲ್ಲೇ ಗ್ರಾಹಕರ ಪ್ರಾಧಿಕಾರ ಹೇಳಿದೆ. 2025ರಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿದಿದೆ, ತೆಗೀರಿ' ಅಂದರು. ತೆಗೆದರು. ಓಟಿಪಿ ವಿಷಯದಲ್ಲಿ ನನ್ನ ಕಾನೂನು ಯಾಕೆ ನಡೀಲಿಲ್ಲ ಅಂತ ಇನ್ನೂ ಗೊತ್ತಾಗಿಲ್ಲ. ಮುಖದ ಕಳೆ ಇರಬೇಕು.

ಮಧ್ಯೆ ಮೈಸೂರಿಗೂ ಹೋಗಿಬಂದ್ವಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಬಿಡದಿ ಬರುತ್ತೆ, ತಟ್ಟೆ ಇಡ್ಲಿ ತಿನ್ನೋಣ ಅಂತ ಕೂತಿದ್ದೆ, ಬಿಡದಿ ಪಕ್ಕದಲ್ಲೆಲ್ಲೋ ದಾಟಿ ಹೋಯಿತಂತೆ. ಮದ್ದೂರು ಬರುತ್ತೆ ಅಂತ ಕಾದೆ. ಅದೂ ಹೋಯಿತು. ರಸ್ತೆ ಯಾವ ಊರನ್ನೂ ಮುಟ್ಟದೆ ನುಗ್ಗುತ್ತೆ. ನಾವು ಚಿಕ್ಕವರಿದ್ದಾಗ ಅಪ್ಪ ಮದ್ದೂರಲ್ಲಿ ಗಾಡಿ ನಿಲ್ಲಿಸಿಯೇ ನಿಲ್ಲಿಸೋರು. ವಡೆ ಪೇಪರಿನಲ್ಲಿ ಕಟ್ಟಿಕೊಡ್ತಿದ್ದರು, ಮಂಡ್ಯ ಬರೋ ಹೊತ್ತಿಗೆ ಪೇಪರಿನ ಅಕ್ಷರವೆಲ್ಲ ಎಣ್ಣೆಯಲ್ಲಿ ಈ ಕಡೆಯಿಂದ ಆ ಕಡೆಗೆ ಕಾಣೋದು. ಅಂಚಿನಲ್ಲಿ ಕಪ್ಪಗಾದ ಈರುಳ್ಳಿಗೆ ನಾನೂ ಅಕ್ಕನೂ ಕಿತ್ತಾಡ್ತಿದ್ವಿ. ಅಪ್ಪ ಯಾವ ಹೋಟೆಲನ್ನೂ ಹೊಗಳಿದ್ದು ನೆನಪಿಲ್ಲ. ತುಂಬಾ ಚೆನ್ನಾಗಿದ್ದರೆ, 'ಪರವಾಗಿಲ್ಲ' ಅನ್ನೋರು. ಚೆನ್ನಾಗಿಲ್ಲದಿದ್ದರೆ ಸುಮ್ಮನೆ ತಿಂದು ಎದ್ದು ಬರೋರು. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ 'ಪರವಾಗಿಲ್ಲ' ಅನ್ನೋರು ಯಾರೂ ಇಲ್ಲ.

'ಮದ್ದೂರು ಹೋಗಬೇಕಂದ್ರೆ ಕೆಳಗೆ ಇಳೀಬೇಕಿತ್ತು ಕಣೋ, ಎಕ್ಸಿಟ್ ಮಿಸ್ ಆಯ್ತು' ಅಂದರು ಭಾವ. ಅವರು ಆಗ ಮೈಸೂರಲ್ಲಿ 4.7ರ ಹೋಟೆಲ್ ಹುಡುಕ್ತಿದ್ದರು, ಅಕ್ಕ ಗಾಡಿ ಓಡಿಸ್ತಿದ್ದಳು.

ಹೊರಡೋಕೆ ಮುಂಚಿನ ದಿನ, ಇನ್ನು ತಡೆಯೋಕಾಗಲ್ಲ ಅಂತ ಬೆಳಿಗ್ಗೆ ಎಲ್ಲರೂ ಮಲಗಿದ್ದಾಗಲೇ ಎದ್ದು, ಎರಡು ರಸ್ತೆ ಆಚೆಗಿನ ದರ್ಶಿನಿಗೆ ಹೋದೆ. ಒಂದು ಮಸಾಲೆ ದೋಸೆ ಹೇಳಿ 500 ರೂಪಾಯಿ ನೋಟು ಕೊಟ್ಟೆ. ಕ್ಯಾಶಿಯರ್ ಅದನ್ನು ಯಾವುದೋ ಹಳೇ ಕಾಲದ ನಾಣ್ಯದ ಹಾಗೆ ನೋಡಿದ. 'ಫೋನ್‌ಪೇ ಮಾಡಿ ಸಾರ್.' ಇಲ್ಲ ಅಂದೆ. 'ಗೂಗಲ್‌ಪೇ?' ಅದೂ ಇಲ್ಲ. 2025ರ ಜುಲೈನಲ್ಲಿ, ಫೋನಿನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಕಳಿಸಿದ ತೆರಿಗೆ ನೋಟಿಸಿನ ಗಲಾಟೆಗೆ ಎಷ್ಟೋ ಸಣ್ಣ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತುಹಾಕಿ, 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರಂತೆ. ನನ್ನ ಗ್ರಹಚಾರಕ್ಕೆ ಆಗ ಬರಲಿಲ್ಲ ನೋಡಿ. 'ಚಿಲ್ರೆ ಇಲ್ಲ ಸಾರ್, ಇನ್ನೇನಾದ್ರೂ ತಗೊಳ್ಳಿ' ಅಂದ. ಇಡ್ಲಿ ವಡೆ ಸೇರಿಸಿದೆ. ಸಾಲದು ಅಂದ. ಚೌಚೌ ಬಾತ್ ಸೇರಿಸಿದೆ. ಕಾಫಿ. ಇನ್ನೂ ಐವತ್ತು ರೂಪಾಯಿ ಜಗ್ಗಾಡಿ ಮೈಸೂರ್‌ಪಾಕ್‌ನಲ್ಲಿ ಸರಿಹೋಯಿತು. ಉಳಿದ ಇನ್ನೂರು ಕೈಗೆ ಬಂತು.

ದೋಸೆ ಹೆಂಚಿನಿಂದ ನೇರ ತಟ್ಟೆಗೆ ಬಿತ್ತು. ಮಡಿಚಿದ ಜಾಗದಲ್ಲಿ ಕೆಂಪು ಚಟ್ನಿ ಇಣುಕ್ತಿತ್ತು. ಮುರಿದರೆ ಪಲ್ಯದ ಹಬೆ, ಬೆರಳು ಸುಟ್ಟಿತು. ಆರೋಕೆ ಬಿಡಲಿಲ್ಲ, ಊದಿಕೊಂಡು ಹಾಗೇ ಬಾಯಿಗೆ ಹಾಕಿಕೊಂಡೆ.

ಎರಡನೇ ತುತ್ತು ಬಾಯಲ್ಲಿರುವಾಗ ಪಕ್ಕದ ಕಟ್ಟೆಯ ಹತ್ತಿರ ಒಂದು ಮಂಕಿ ಟೋಪಿ ಕಂಡಿತು. ಕೆಳಗೆ ವಾಕಿಂಗ್ ಶೂ. ಗೋಡೆ ಕಡೆ ಮುಖ ಮಾಡಿಕೊಂಡು, ಎರಡು ಕೈಯಲ್ಲಿ ಖಾಲಿ ದೋಸೆ ಹರಿದು ಸಾಗುವಿನಲ್ಲಿ ಅದ್ದಿ ಅದ್ದಿ ತಿಂತಾ ಇದ್ದ ಆ ಮನುಷ್ಯನ ಕೈಯಲ್ಲಿ ಫೋನ್ ಇರಲಿಲ್ಲ. ಒಂದು ಫೋಟೋನೂ ಇಲ್ಲ. 'ಬಿಸಿದು ಇನ್ನೊಂದು ಹಾಕ್ಲಾ ಸಾರ್, ದಿನದ ತರ?' ಅಂತ ಹುಯ್ಯೋನು ಅಲ್ಲಿಂದಲೇ ಕೂಗಿದ.

'ಭಾವ?' ಅಂದೆ.

ಭಾವ ತಿರುಗಿದರು. ಸ್ವಲ್ಪ ಹೊತ್ತು ಇಬ್ಬರೂ ಅಗಿಯೋದರಲ್ಲೇ ಇದ್ವಿ. 'ನಿಮ್ಮಕ್ಕನಿಗೆ ಹೇಳಬೇಡ ಕಣೋ' ಅಂದರು ಕೊನೆಗೆ.

'ಹೇಳಲ್ಲ. ಈ ಜಾಗಕ್ಕೆ ಎಷ್ಟು ಸ್ಟಾರ್ ಕೊಟ್ಟಿದ್ದೀರಿ?'

'ಹುಚ್ಚಾ ನಿನಗೆ? ಇದಕ್ಕೆ ಕೊಡ್ತಾರಾ? ಕೊಟ್ರೆ ನಾಳೆಯಿಂದ ನಮಗೆ ನಿಲ್ಲೋಕೆ ಜಾಗ ಸಿಗುತ್ತಾ?' ಅಂತ ನನ್ನ ತಟ್ಟೆಯಿಂದ ಮೈಸೂರ್‌ಪಾಕ್ ಎತ್ತಿಕೊಂಡರು. ಬಾಯಿ ಮುಚ್ಚಿಕೊಂಡಿರೋದಕ್ಕೆ ನನಗೂ ಒಂದು ಖಾಲಿ ದೋಸೆ ಕೊಡಿಸಿದರು, ಫೋನ್‌ಪೇಯಲ್ಲಿ.