ಕರಟದ ಎಣ್ಣೆ ಮೈಗೆ ಹಚ್ಚಬಹುದೇ?

ಪರ: ಒಂದು ಚುಕ್ಕೆ ಹಚ್ಚಿದರೆ ತಪ್ಪಿಲ್ಲ

ಪರವಾಗಿ ಬರೆಯಲು ಯಾರೂ ಸಿಗಲಿಲ್ಲವಂತೆ. ಹೊಸದುರ್ಗದವನು ಅಂತ ನನ್ನ ತಲೆಗೆ ಕಟ್ಟಿದರು. ನಮ್ಮ ಕಡೆ ತೆಂಗು ಜಾಸ್ತಿ, ಕರಟಕ್ಕೆ ಬರವಿಲ್ಲ. ತಳ ತೂತಾದ ಮಡಕೆಗೆ ಒಣ ಕರಟದ ಚೂರು ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಅಡಿಯಲ್ಲೊಂದು ಪಾತ್ರೆ ಹೂತು, ಸುತ್ತ ಕುಳ್ಳು ಉರಿಸಬೇಕು. ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಹುಳುಕಡ್ಡಿಗೆ ಹಳ್ಳಿಯ ಮದ್ದು ಅದೇ. ಹುಳುಕಡ್ಡಿಗೆ ಕಾರಣ ಹುಳವಲ್ಲ, ಬೂಷ್ಟಿನ ಜಾತಿಯ ಫಂಗಸ್. ಕರಟದ ಎಣ್ಣೆಯೂ ಒಂದು ಬಗೆಯ ಟಾರೇ. ಗಾಳಿ ಸಿಗದೆ ಬೆಂದ ಕಟ್ಟಿಗೆ ಬಿಡುವ ಟಾರಿನಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ಅವು ಫಂಗಸ್ಸನ್ನು ಕೊಲ್ಲುತ್ತವೆ.

ಇದೇನು ನಮ್ಮೂರಿನವರ ಹುಚ್ಚಲ್ಲ. ಫಿನ್‌ಲೆಂಡಿನಲ್ಲಿ ಪೈನ್ ಮರದ ಟಾರನ್ನು ದೋಣಿಗೂ ಬಳಿದರು, ಸೋಪು ಶಾಂಪೂಗೂ ಹಾಕಿದರು. ಸೌನಾ ಅನ್ನುವ ಬಿಸಿ ಹಬೆಯ ಸ್ನಾನ, ಹೆಂಡ, ಟಾರು ಮೂರಕ್ಕೂ ಬಗ್ಗದ ಕಾಯಿಲೆಗೆ ಸಾವೇ ಗತಿ ಅಂತ ಅಲ್ಲೊಂದು ಗಾದೆಯಿದೆ. ಇಸಬು, ಸೋರಿಯಾಸಿಸ್‌ಗೂ ಮರದ ಟಾರನ್ನು ಬಹಳ ಕಾಲದಿಂದ ಬಳಸಿದ್ದಾರೆ.

ಕ್ಯಾನ್ಸರ್ ಅನ್ನುವವರು ಸುಮ್ನೆ ಹೆದರಿಸುತ್ತಾರೆ. ಅದು ಕಲ್ಲಿದ್ದಲ ಟಾರಿನ ಮಾತು. ಹೆದರಬೇಕಾದದ್ದು ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆತ ಟ್ಯೂಬಿಗೆ. ಹಚ್ಚಿದ ವಾರಕ್ಕೆ ತುರಿಕೆ ಮಾಯ. ಬಿಟ್ಟ ಮೇಲೆ ಹುಳುಕಡ್ಡಿ ದುಪ್ಪಟ್ಟು, ಚರ್ಮ ತೆಳ್ಳಗೆ. ಅದನ್ನು ಯಾರಾದರೂ ಕೇಳುತ್ತಾರಾ?

ನೀವು ಹಚ್ಚಿಕೊಳ್ಳುತ್ತೀರಾ ಅಂದರೆ, ತಲೆಹೊಟ್ಟಿಗೆ ಟಾರಿನ ಸೋಪಷ್ಟೇ. ಕರಟದ್ದಾದರೆ ಮೊದಲು ಮೊಣಕೈ ಒಳಗೆ ಒಂದು ಚುಕ್ಕೆ ಇಟ್ಟು ಎರಡು ದಿನ ಕಾಯುತ್ತೇನೆ.

ವಿರೋಧ: ನನ್ನ ಸೊಂಟವನ್ನು ಕೇಳಿ

ನಾನು ಹಚ್ಚಿಕೊಂಡು ಸುಟ್ಟುಕೊಂಡವಳು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಹುಳುಕಡ್ಡಿ ಎದ್ದಿತ್ತು. ದಾವಣಗೆರೆಯ ಏಪ್ರಿಲ್ ಬೆವರು ಕೇಳಬೇಡಿ. ಅತ್ತೆ ಊರಿಂದ ಸಣ್ಣ ಬಾಟಲಿ ತಂದರು. ರಾತ್ರಿ ಕೋಳಿಪುಕ್ಕ ಅದ್ದಿ ಬಳಿದರು. "ಒಂಚೂರು ಉರಿತೈತೆ, ತಡ್ಕಾ" ಅಂದರು. ತಡೆದುಕೊಂಡೆ. ಬೆಳಿಗ್ಗೆ ನೋಡಿದರೆ ಸೊಂಟದ ಸುತ್ತ ಬೊಬ್ಬೆ, ಹಾಸಿಗೆ ತುಂಬ ಕಪ್ಪು ಕಲೆ. ಎರಡು ಸಲ ಸ್ನಾನ ಮಾಡಿದರೂ ಸುಟ್ಟ ಕಟ್ಟಿಗೆಯ ವಾಸನೆ ಹೋಗಲಿಲ್ಲ. ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಎದ್ದು ಹೋಗಿ ನಿಂತರು, ಸೀಟು ಬಿಟ್ಟು! ಚರ್ಮದ ಡಾಕ್ಟರು "ಈಗ ಎರಡು ಕಾಯಿಲೆ ಆಯ್ತಲ್ಲಮ್ಮ, ಯಾವುದನ್ನು ಮೊದಲು ನೋಡಲಿ?" ಅಂದರು. ಬೊಬ್ಬೆ ಒಣಗಿತು. ಕಪ್ಪು ಪಟ್ಟೆ ದೀಪಾವಳಿವರೆಗೂ ಇತ್ತು.

ಫೀನಾಲ್ ಫಂಗಸ್ಸನ್ನು ಕೊಲ್ಲುತ್ತದೆ, ಒಪ್ಪೋಣ. ಆದರೆ ಅದಕ್ಕೆ ಫಂಗಸ್ ಯಾವುದು, ಸೊಂಟ ಯಾವುದು ಅಂತ ಗೊತ್ತಾಗುತ್ತದಾ? ಸೋಪಿಗೆ ಟಾರು ಹಾಕುವವರು ಅಳೆದು ಹಾಕುತ್ತಾರೆ. ಅತ್ತೆಯ ಬಾಟಲಿಗೆ ಅಳತೆ ಎಲ್ಲಿಯದು? ಬೆನ್ನಿಗೆ ಪಟ್ಟಿ ಅಂಟಿಸಿ ಅಲರ್ಜಿ ಹುಡುಕುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ಪೈನ್, ಬರ್ಚ್, ಬೀಚ್, ಜೂನಿಪರ್ ಮರಗಳ ಟಾರನ್ನೂ ಬಳಸಿದ್ದಾರೆ. ಅಲರ್ಜಿ ತರದ ವಸ್ತುವಿಗೆ ಅಲ್ಲೇನು ಕೆಲಸ?

ಇನ್ನು ಕ್ಯಾನ್ಸರ್. 1775ರಲ್ಲೇ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ವೈದ್ಯ, ಚಿಮಣಿ ಗುಡಿಸುವವರ ಕ್ಯಾನ್ಸರಿಗೂ ಮಸಿಗೂ ನಂಟಿದೆ ಎಂದು ಬರೆದ. 1915ರಲ್ಲಿ ಜಪಾನಿನ ಯಾಮಾಗಿವಾ, ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಟಾರು ಬಳಿದು ಕ್ಯಾನ್ಸರ್ ಎಬ್ಬಿಸಿ ತೋರಿಸಿದರು. ಅದು ಕಲ್ಲಿದ್ದಲದ್ದು ಅಂತ ಎದುರಿನವರು ಜಾರಿಕೊಳ್ಳುತ್ತಾರೆ, ಗೊತ್ತು. ಕಟ್ಟಿಗೆಗೂ ಬಿಸಿ ಜಾಸ್ತಿಯಾದರೆ ಅದೇ ಜಾತಿಯ ವಿಷ ಹುಟ್ಟುತ್ತದೆ. ಕುಳ್ಳಿನ ಬೆಂಕಿಗೆ ಥರ್ಮಾಮೀಟರ್ ಹಿಡಿದವರು ಯಾರು?

ಸ್ಟಿರಾಯ್ಡ್ ಟ್ಯೂಬಿನ ಮಾತು ಇಲ್ಲಿ ಬೇಡ. ನಮ್ಮನ್ನು ಕೇಳಿದ ಪ್ರಶ್ನೆ ಅದಲ್ಲ.

ಆ ಬಾಟಲಿ ಎಸೆಯಿರಿ ಅಂತ ಅತ್ತೆಗೆ ಹೇಳಿದ್ದೆ. ಎಸೆದಿಲ್ಲ. ಕೊಟ್ಟಿಗೆಯ ಗೂಡಿನಲ್ಲಿದೆ. ಎಮ್ಮೆಯ ಗೊರಸಿಗೆ ಬೇಕಾಗುತ್ತದಂತೆ.