ಕೇಶ್ವಾಪುರದ ಸೀಸೆ, ಮಯಾಮಿಯ ಶಾಸನ

ಕ್ರೂಸ್ ಹಡಗು ಎಂಬ ತೇಲುವ ಪಟ್ಟಣದಲ್ಲಿ ಓಣಿಗೊಂದರಂತೆ ಬಾರುಗಳಿವೆ, ಕ್ಯಾಸಿನೊ ಇದೆ, ಈಜುಕೊಳದ ಪಕ್ಕದಲ್ಲಿ ಮಲಗಿದವರ ಕೈಗೆ ಗ್ಲಾಸು ತಂದುಕೊಡಲು ಸಮವಸ್ತ್ರ ಧರಿಸಿದ ಸಿಬ್ಬಂದಿ ಇದ್ದಾರೆ. ಇಷ್ಟೆಲ್ಲವನ್ನು ಹೊತ್ತು ಸಮುದ್ರ ದಾಟುವ ಹಡಗು ಒಂದು ಸೀಸೆ ಮನೆವೈನಿಗೆ ಹೆದರುತ್ತದೆ ಎಂಬ ಸಂಗತಿ ಹುಬ್ಬಳ್ಳಿಯ ಕೇಶ್ವಾಪುರದ ಒಂದು ಕುಟುಂಬಕ್ಕೆ ಸಿಂಗಾಪುರದ ಬಂದರಿನಲ್ಲಿ ತಿಳಿದುಬಂತು. ಕುಟುಂಬದ ಹೆಸರನ್ನು ಹೇಳುವಂತಿಲ್ಲ. ಹೇಳಿದರೆ ನಮ್ಮ ಅಬಕಾರಿ ಇಲಾಖೆಯವರು ಅವರ ಅಡುಗೆಮನೆಯ ಭರಣಿಯನ್ನು ಪಂಚನಾಮೆ ಮಾಡಿ ಒಯ್ದಾರು. ಹಡಗಿನ ಹೆಸರಂತೂ ಅಗತ್ಯವೇ ಇಲ್ಲ. ಹಡಗಿನ ಪ್ರಸ್ತಾಪ ಬಂದಾಗ ತೂತಿನ ಮಾತು ಅಪಶಕುನವೇ ಆದರೂ, ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆ ಇಲ್ಲಿ ಚೆನ್ನಾಗಿ ಸಲ್ಲುತ್ತದೆ.

ಕೇಶ್ವಾಪುರದಲ್ಲಿಯೂ ಅದರ ಸುತ್ತಲಿನ ರೈಲ್ವೆ ವಸತಿಗಳಲ್ಲಿಯೂ ಕ್ರಿಸ್‌ಮಸ್‌ಗೆ ಮುಂಚೆ ಮನೆಯಲ್ಲಿ ವೈನು ಹಾಕುವುದು ಹಳೆಯ ರೂಢಿ. ಬೀಜವಿರುವ ಕಪ್ಪು ದ್ರಾಕ್ಷಿಯನ್ನು, ಬೆಂಗಳೂರು ಬ್ಲೂ ಸಿಕ್ಕರೆ ಅದನ್ನೇ, ತೊಳೆದು, ಹತ್ತಿಯ ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಉಪ್ಪಿನಕಾಯಿಯ ವಾಸನೆ ತಾಗದ ಪಿಂಗಾಣಿ ಭರಣಿಗೆ ಹಾಕಿ ಕೈಯಿಂದಲೇ ಕಿವುಚುತ್ತಾರೆ. ಸಕ್ಕರೆ, ಒಂದು ಹಿಡಿ ಗೋಧಿ, ಚೆಕ್ಕೆ, ಲವಂಗ, ಸ್ವಲ್ಪ ಯೀಸ್ಟ್ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಬೀಳದ ಮೂಲೆಯಲ್ಲಿ ಇಡುತ್ತಾರೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವುವ ನೆಪದಲ್ಲಿ ಅಜ್ಜಿ ಭರಣಿಗೆ ಕಿವಿ ಹಚ್ಚುತ್ತಾಳೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವಾಗ ಒಳಗಿನಿಂದ ಸುಯ್ಯೆಂಬ ಸಣ್ಣ ಸದ್ದು ಬರುತ್ತದೆ. ಆ ಸದ್ದು ಅಡಗಿದ ಮೇಲೆಯೇ ಸೋಸುವ ಕೆಲಸ. ಇದಕ್ಕಿಂತ ಕಟ್ಟುನಿಟ್ಟಾದ ಗುಣಮಟ್ಟ ಪರೀಕ್ಷೆಯನ್ನು ಯಾವ ಕಾರ್ಖಾನೆಯೂ ಮಾಡಲಾರದು ಎಂದು ನಾನು ನಂಬಿದ್ದೇನೆ. ಆದರೆ ಕಿವಿಗೆ ಐಎಸ್‌ಒ ಪ್ರಮಾಣಪತ್ರ ಸಿಗುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಈ ಅಜ್ಜಿ ಅಪರಾಧಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 13ನೇ ಕಲಮು ಪರವಾನಗಿಯಿಲ್ಲದೆ ಮದ್ಯ ತಯಾರಿಸಬಾರದೆಂದು ಹೇಳುತ್ತದೆ. ಅದೇ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಟ್ಟಿತು. ಅಂದರೆ ನಾಡಿನ ಪ್ರಜೆಗಳು ಗುರಿ ಮುಟ್ಟುವಷ್ಟು ಕುಡಿಯಲೇಬೇಕು, ಆದರೆ ಅಜ್ಜಿಯ ಕೈಯಿಂದ ಕುಡಿಯಬಾರದು. ಕ್ರೂಸ್ ಕಂಪನಿಗಳ ತತ್ತ್ವವೂ ಇದೇ ಆಗಿರುವುದರಿಂದ, ಅವರು ನಮ್ಮಿಂದ ಕಲಿತರೋ ನಾವು ಅವರಿಂದ ಕಲಿತೆವೋ ಎಂಬುದನ್ನು ಸಂಶೋಧಕರಿಗೆ ಬಿಡೋಣ. ಹೆಚ್ಚು ಸೋಜಿಗದ ಸಂಗತಿ ಇನ್ನೊಂದಿದೆ. ಹಲವು ದೊಡ್ಡ ಕ್ರೂಸ್ ಕಂಪನಿಗಳ ಪ್ರಧಾನ ಕಚೇರಿಗಳು ಇರುವುದು ಅಮೆರಿಕದ ಮಯಾಮಿಯಲ್ಲಿ. ಆ ದೇಶದ ಫೆಡರಲ್ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ಮಾರಾಟ ಮಾಡದೆ ಸ್ವಂತಕ್ಕಾಗಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ವೈನನ್ನು ತೆರಿಗೆಯಿಲ್ಲದೆ ತಯಾರಿಸಿಕೊಳ್ಳಬಹುದು. ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ತುಂಬುವಷ್ಟು ಮನೆವೈನಿಗೆ ಅನುಮತಿ ಕೊಟ್ಟ ದೇಶದಲ್ಲಿ ಕಚೇರಿಯಿಟ್ಟವರ ಹಡಗುಗಳಿಗೆ ಮುಕ್ಕಾಲು ಲೀಟರು ಮನೆವೈನು ಕಂಡರೆ ಜ್ವರ ಬರುತ್ತದೆ.

ತಪಾಸಣೆ ಎಂಬುದು ಹುಬ್ಬಳ್ಳಿಯವರಿಗೆ ಹೊಸ ವಿದ್ಯೆಯೇನಲ್ಲ. ಗೋವೆಯಿಂದ ಅನಮೋಡ ಘಾಟ್ ಹತ್ತಿ ಬರುವ ಬಸ್ಸು ಚೆಕ್‌ಪೋಸ್ಟ್ ಸಮೀಪಿಸಿದಂತೆ ಪ್ರಯಾಣಿಕರ ಮುಖದಲ್ಲಿ ಮೂಡುವ ಭಕ್ತಿಭಾವವನ್ನೂ, ಗೇರುಬೀಜದ ಚೀಲವನ್ನು ಕೆಲವರು ಹಸುಗೂಸಿನಂತೆ ತೊಡೆಯ ಮೇಲೆ ಎತ್ತಿಕೊಳ್ಳುವುದನ್ನೂ ಕಂಡವರಿಗೆ ಯಾವ ಎಕ್ಸ್‌ರೇ ಯಂತ್ರವೂ ಅಳುಕು ಹುಟ್ಟಿಸದು. ಆದರೂ ಈ ಕುಟುಂಬ ಪ್ರಾಮಾಣಿಕವಾಗಿ ಹೊರಟಿತು. ವಿಮಾನದಲ್ಲಿ ತೊಂದರೆಯಾಗಲಿಲ್ಲ, ಏಕೆಂದರೆ ಶೇಕಡ 24ಕ್ಕಿಂತ ಹೆಚ್ಚು ಮದ್ಯಸಾರವಿಲ್ಲದ ಪಾನೀಯವನ್ನು ವಿಮಾನಯಾನದ ಅಪಾಯಕಾರಿ ವಸ್ತುಗಳ ನಿಯಮ ಅಪಾಯಕಾರಿ ಎಂದೇ ಎಣಿಸುವುದಿಲ್ಲ. ಮೋಡಗಳ ಮೇಲೆ ಸಾಧುವಾಗಿದ್ದ ವೈನು ನೀರಿನ ಮೇಲೆ ಹೋಗಲು ನಿಂತಾಗ ಉಗ್ರರೂಪ ತಾಳಿತು.

ಬಂದರಿನ ಬೆಲ್ಟಿನ ಮೇಲೆ ಚೀಲ ಸಾಗಿ, ನಿಂತು, ಹಿಂದಕ್ಕೆ ಹೋಗಿ, ಮತ್ತೆ ನಿಂತಿತು. ಅಧಿಕಾರಿ ಕೈಗವಸು ಹಾಕಿಕೊಂಡು ಸೀಸೆಯನ್ನು ಹೊರತೆಗೆದ. ಅದು ಹಿಂದೊಮ್ಮೆ ಸ್ಕ್ವಾಷ್ ತುಂಬಿದ್ದ ಸೀಸೆ. ಬಿರಡೆಯ ಸುತ್ತ ಮೇಣದಬತ್ತಿಯ ಮೇಣ. ಮೈಮೇಲೆ ಮೊಮ್ಮಗನ ಶಾಲೆಯ ನೋಟ್‌ಬುಕ್ಕಿನ ಚೀಟಿ, ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ದ್ರಾಕ್ಷಿ, ಲವಂಗ ಜಾಸ್ತಿ’ ಎಂಬ ಬರಹ. ಲೇಬಲ್ ಎಲ್ಲಿ ಎಂದು ಅಧಿಕಾರಿ ಕೇಳಿದ. ಅಜ್ಜಿ ಚೀಟಿಯನ್ನು ತೋರಿಸಿದಳು. ತಯಾರಕರು ಯಾರು ಎಂದು ಕೇಳಿದ. ಅಜ್ಜಿ ತನ್ನ ಎದೆಯ ಮೇಲೆ ಕೈಯಿಟ್ಟಳು. ಒಳಗಿರುವುದು ಕುಡಿಯಲು ಯೋಗ್ಯವೆಂಬುದಕ್ಕೆ ಆಧಾರವೇನು ಎಂಬ ಮೂರನೆಯ ಪ್ರಶ್ನೆಗೆ ಅಳಿಯನೇ ಮುಂದೆ ಬಂದು, “ಹೊರಡೂ ಹಿಂದಿನ ರಾತ್ರಿ ಎಲ್ಲಾರೂ ಕುಡದೀವ್ರೀ, ನಿಮ್ಮ ಮುಂದ ನಿಂತೀವಲ್ರೀ” ಎಂದು ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ತಿರುಗಿಸಿದ. ಆಹಾರ ಸುರಕ್ಷತೆಯ ಇತಿಹಾಸದಲ್ಲಿ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ಯಾರೂ ಹಾಜರುಪಡಿಸಿರಲಾರರು. ಅಧಿಕಾರಿ ತಲೆಯಾಡಿಸಿ ಸೀಸೆಯನ್ನು ಡಬ್ಬಿಗೆ ಇಳಿಸಿದ.

ನಿಯಮವನ್ನು ಓದಿದರೆ ಅಧಿಕಾರಿಯನ್ನು ದೂರುವಂತಿಲ್ಲ. ಹಲವು ದೊಡ್ಡ ಕಂಪನಿಗಳು ವಯಸ್ಕ ಪ್ರಯಾಣಿಕನೊಬ್ಬನಿಗೆ ಹಡಗು ಹತ್ತುವ ದಿನ 750 ಮಿಲಿಲೀಟರಿನ ಒಂದು ಸೀಸೆ ವೈನನ್ನು ಒಯ್ಯಲು ಬಿಡುತ್ತವೆ. ಮುಖ್ಯ ಷರತ್ತೆಂದರೆ, ಸೀಸೆ ಸೀಲು ಒಡೆಯದೆ ಇರಬೇಕು. ಸೀಲು ಹಾಕಿದವನು ಯಾರು, ಅವನು ಕೈ ತೊಳೆದಿದ್ದನೇ, ದ್ರಾಕ್ಷಿಯನ್ನು ಆರಿಸಿ ಕೊಳೆತದ್ದನ್ನು ಎಸೆದಿದ್ದನೇ ಎಂಬ ಪ್ರಶ್ನೆಗಳು ಏಳುವುದಿಲ್ಲ. ಯಾರೂ ಕಾಣದ ಊರಿನ, ಯಾರೂ ಉಚ್ಚರಿಸಲಾರದ ಹೆಸರಿನ ದ್ರಾಕ್ಷಾರಸವು ಚಿನ್ನದ ಬಣ್ಣದ ಚೀಟಿಯೊಂದನ್ನು ಅಂಟಿಸಿಕೊಂಡು ಬಂದರೆ ಅದಕ್ಕೆ ಸ್ವಾಗತ. ಎದುರಿಗೇ ನಿಂತು ಎದೆಮುಟ್ಟಿ ಹೇಳುವ ತಯಾರಕಿಗೆ ಪ್ರವೇಶವಿಲ್ಲ. ಹಾಗೆಂದು ಸೀಲಿದ್ದ ಸೀಸೆಗೆ ಪೂರ್ತಿ ಬಿಡುಗಡೆ ಎಂದು ತಿಳಿಯಬಾರದು. ಅದನ್ನು ಊಟದ ಹಾಲಿಗೆ ತಂದರೆ ಬಿರಡೆ ತೆಗೆಯುವ ಶುಲ್ಕವೆಂದು ಕಾರ್ನಿವಲ್ ಕಂಪನಿ 15 ಡಾಲರ್ ವಸೂಲು ಮಾಡುತ್ತದೆ, ನಮ್ಮ ಲೆಕ್ಕದಲ್ಲಿ ಸಾವಿರದ ಮೇಲೆ ಕೆಲವು ನೂರು ರೂಪಾಯಿ ಎನ್ನಿ. ನಮ್ಮ ದುರ್ಗದಬೈಲಿನಲ್ಲಿ ಸೋಡಾ ಮಾರುವವನು ಇಷ್ಟು ವರ್ಷ ಗೋಲಿಯನ್ನು ಪುಕ್ಕಟೆಯಾಗಿ ಒತ್ತಿಕೊಟ್ಟು ಎಂಥ ನಷ್ಟ ಮಾಡಿಕೊಂಡನೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಈಗ ಪ್ರಯಾಣಿಕರ ಆರೋಗ್ಯದ ಬಗ್ಗೆ ಹಡಗಿಗಿರುವ ಕಾಳಜಿಯನ್ನು ಸ್ವಲ್ಪ ನಿಂತು ನೋಡಬೇಕು. ಇದೇ ಕಾರ್ನಿವಲ್ ಹಡಗುಗಳಲ್ಲಿ ‘ಚಿಯರ್ಸ್’ ಎಂಬ ಪಾನೀಯದ ಪ್ಯಾಕೇಜ್ ಇದೆ. ಮುಂಗಡ ಹಣ ಕಟ್ಟಿದವನು ದಿನವಿಡೀ ಕುಡಿಯಬಹುದು, ಆದರೆ ಮಿತಿ ಮೀರಬಾರದು. ಮಿತಿ ಎಷ್ಟೆಂದರೆ 24 ಗಂಟೆಗೆ 15 ಮದ್ಯದ ಗ್ಲಾಸು. ಅಜ್ಜಿಯ ಸೀಸೆಯಲ್ಲಿ ಇದ್ದದ್ದು ಹೆಚ್ಚೆಂದರೆ ಐದು ಗ್ಲಾಸು, ಅದನ್ನು ಹಂಚಿಕೊಳ್ಳಲು ನಿಂತವರು ನಾಲ್ವರು. ಹದಿನೈದು ಗ್ಲಾಸು ಹಾಕಿದವನು ಹಡಗಿನ ಕಟಕಟೆಯ ಮೇಲೆ ಬಾಗಿ ಸಮುದ್ರವನ್ನು ಹತ್ತಿರದಿಂದ ಪರಿಶೀಲಿಸುವುದು ಸುರಕ್ಷಿತ. ಒಂದೂಕಾಲು ಗ್ಲಾಸು ಕುಡಿದು ಅಜ್ಜಿಯೊಂದಿಗೆ ಹಳೆಯ ಕ್ಯಾರಲ್ ಹಾಡಿಕೊಂಡು ಮಲಗುವವನಿಂದ ಹಡಗಿಗೆ ಗಂಡಾಂತರ.

ಈ ಪ್ಯಾಕೇಜಿನ ಇನ್ನೊಂದು ಕಲಮಂತೂ ಅವಿಭಕ್ತ ಕುಟುಂಬ ಪದ್ಧತಿಯ ಬಗ್ಗೆ ಮಯಾಮಿಯವರಿಗೆ ಎಂಥ ಗೌರವವಿದೆ ಎಂಬುದನ್ನು ಸಾರುತ್ತದೆ. ಒಂದು ಕೋಣೆಯಲ್ಲಿ ಒಬ್ಬ ಈ ಪ್ಯಾಕೇಜ್ ಕೊಂಡರೆ ಅದೇ ಕೋಣೆಯಲ್ಲಿರುವ, ಕುಡಿಯುವ ವಯಸ್ಸಿನ ಎಲ್ಲರೂ ಕೊಳ್ಳಬೇಕು. ಧಾರವಾಡದ ಮಾಳಮಡ್ಡಿಯ ನಿವೃತ್ತ ಗುಮಾಸ್ತರೊಬ್ಬರು ಸಂಜೆಗೊಂದು ಬಿಯರಿನ ಆಸೆಯಿಂದ ಹಣ ಕಟ್ಟಿದರೆನ್ನಿ; ಏಕಾದಶಿಯಂದು ನೀರನ್ನೂ ಎಣಿಸಿ ಕುಡಿಯುವ ಅವರ ಧರ್ಮಪತ್ನಿಗೂ ದಿನಕ್ಕೆ 15 ಗ್ಲಾಸು ಮಂಜೂರಾಗುತ್ತದೆ. ಆಕೆಯ ಪಾಲನ್ನು ಗಂಡ ಕುಡಿಯುವಂತಿಲ್ಲ, ಏಕೆಂದರೆ ಹಂಚಿಕೊಳ್ಳುವುದು ನಿಷಿದ್ಧ. ಸಪ್ತಪದಿಯಲ್ಲಿ ಸುಖದುಃಖಗಳನ್ನು ಹಂಚಿಕೊಳ್ಳುವುದಾಗಿ ಅಗ್ನಿಸಾಕ್ಷಿಯಾಗಿ ಒಪ್ಪಿಕೊಂಡವರು ಬಾರಿನ ಬಿಲ್ಲಿನಲ್ಲಿ ಮಾತ್ರ ಜೊತೆಯಾಗಿ, ಗ್ಲಾಸಿನಲ್ಲಿ ಬೇರೆಯಾಗಬೇಕು.

ಹೀಗಿರುವಾಗ ಜನ ಕಳ್ಳದಾರಿ ಹುಡುಕುತ್ತಾರೆ. ಶಾಂಪೂ ಬಾಟಲಿಯಲ್ಲಿ ರಮ್ಮು, ಮೌತ್‌ವಾಶ್ ಬಾಟಲಿಯಲ್ಲಿ ಬಣ್ಣ ಬೆರೆಸಿದ ಜಿನ್ನು. ಸನ್‌ಸ್ಕ್ರೀನ್‌ನಂತೆ ಕಾಣುವ ಖಾಲಿ ಟ್ಯೂಬುಗಳನ್ನು ಇದಕ್ಕೆಂದೇ ತಯಾರಿಸಿ ಮಾರುವ ಉದ್ಯಮವೊಂದು ಬೆಳೆದಿದೆ. ನೀರಿನ ಬಾಟಲಿಗಳಲ್ಲಿ ವೋಡ್ಕಾ ಬರತೊಡಗಿದಾಗ ಕಾರ್ನಿವಲ್ ಕಂಪನಿ 2015ರಲ್ಲಿ ಪ್ರಯಾಣಿಕರು ಬಾಟಲಿ ನೀರು ತರುವುದನ್ನೇ ನಿಲ್ಲಿಸಿತು. ನಡುವಿನ ಬಂದರುಗಳಲ್ಲಿ ಕೊಂಡ ಸೀಸೆಗಳನ್ನೂ ಹಡಗಿನವರು ಇಸಿದುಕೊಂಡು ಬೀಗ ಹಾಕಿಟ್ಟು ಪ್ರವಾಸ ಮುಗಿಯುವಾಗ ಕೊಡುವುದು ಸಾಮಾನ್ಯ ಪದ್ಧತಿ. ಅಷ್ಟು ಹೊತ್ತಿಗೆ ಕುಡಿಯುವ ಜಾಗವೂ ಸಂಗಾತಿಯೂ ಚದುರಿರುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ ಹಡಗಿನವರ ಭಯಕ್ಕೂ ಒಂದು ಬುಡವಿದೆ. ಹುದುಗುವಿಕೆ ಪೂರ್ತಿಯಾಗದೆ ಬಿರಡೆ ಬಿಗಿದ ಸೀಸೆ ಶೆಕೆಯಲ್ಲಿ ಸಿಡಿಯುತ್ತದೆ, ಆ ಗಾಜಿನ ಚೂರು ಕೇಶ್ವಾಪುರ ಮತ್ತು ಮಯಾಮಿ ಎಂಬ ಭೇದ ಮಾಡುವುದಿಲ್ಲ. ಹೆಸರಿಲ್ಲದ ದ್ರವವನ್ನು ಬಂದರಿನಲ್ಲಿ ಯಾರೂ ಮೂಸಿ ನೋಡಿ ಒಳಗೆ ಬಿಡಲಾರರು ಎಂಬುದನ್ನೂ ಒಪ್ಪೋಣ. ಆದರೆ ಭಯ ಇಷ್ಟೇ ಆಗಿದ್ದರೆ ಅಂಗಡಿಯಿಂದ ತಂದ ಸೀಲು ಹಾಕಿದ ಎರಡನೆಯ ಸೀಸೆಗೆ ತಡೆ ಏಕೆ? ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಸ್ಫೋಟಕವೇ? ಗಲ್ಲಾಪೆಟ್ಟಿಗೆಯ ಕಾಳಜಿಗೆ ಸುರಕ್ಷತೆಯ ಅಂಗಿ ತೊಡಿಸಿ ನಿಲ್ಲಿಸಿದರೆ ಅದು ಬಾಯಿ ತೆರೆಯುವವರೆಗೆ ಮಾತ್ರ ಚಂದ.

ಕೇಶ್ವಾಪುರದ ಕುಟುಂಬ ಹಡಗನ್ನೇನೋ ಹತ್ತಿತು. ಎರಡನೆಯ ರಾತ್ರಿ, ಬಂದದ್ದಾಗಲಿ ಎಂದು ಅಳಿಯ ಹಡಗಿನ ಪಟ್ಟಿಯಿಂದ ಒಂದು ಸೀಸೆ ಕೆಂಪು ವೈನು ತರಿಸಿದ. ಅದರ ದರದಲ್ಲಿ ಹುಬ್ಬಳ್ಳಿಯ ಮಾರುಕಟ್ಟೆಯಿಂದ ಒಂದು ಭರಣಿಗಾಗುವಷ್ಟು ದ್ರಾಕ್ಷಿ, ಸಕ್ಕರೆ, ಲವಂಗ ಎಲ್ಲವೂ ಬಂದು, ಆಟೊ ಬಾಡಿಗೆಯೂ ಮಿಗುತ್ತಿತ್ತು. ಬಡಿಸುವವನು ಬಿಳಿಯ ಬಟ್ಟೆಯನ್ನು ಮುಂಗೈಗೆ ಹಾಕಿಕೊಂಡು, ಚೀಟಿ ಕಾಣುವಂತೆ ಸೀಸೆಯನ್ನು ವಾಲಿಸಿ ತೋರಿಸಿ, ಅಜ್ಜಿಯ ಗ್ಲಾಸಿಗೆ ಒಂದು ಗುಟುಕು ಹಾಕಿ, ಅಭಿಪ್ರಾಯಕ್ಕಾಗಿ ಕಾದು ನಿಂತ. ಅಜ್ಜಿ ನಾಲಿಗೆಯ ಮೇಲೆ ಆಡಿಸಿ ನುಂಗಿ, “ಸಕ್ಕರಿ ಕಡಿಮಿ ಬಿದ್ದೇತಿ, ಮತ್ತ ಭಾಳ ಲಗೂನ ಸೋಸ್ಯಾರ” ಎಂದು ತೀರ್ಪು ಕೊಟ್ಟಳು. ಸೊಗಸಾಗಿದೆಯಂತೆ ಎಂದು ಅಳಿಯ ಅನುವಾದಿಸಿದ.

ಊಟ ಮುಗಿದ ಮೇಲೆ ಅಜ್ಜಿ ಖಾಲಿ ಸೀಸೆಯನ್ನು ಕೇಳಿ ಪಡೆದಳು. ಸ್ಮರಣಿಕೆ ಇರಬೇಕೆಂದು ಬಡಿಸುವವನು ಮೆಚ್ಚಿಕೊಂಡು ನಕ್ಕ. ಆ ಸೀಸೆ ಈಗ ಕೇಶ್ವಾಪುರದ ಕಪಾಟಿನಲ್ಲಿದೆ. ಅದರ ಚಿನ್ನದ ಬಣ್ಣದ ಚೀಟಿಗೆ ನೀರು ತಾಗದಂತೆ ಒಳಗಷ್ಟೇ ಬಿಸಿನೀರು ಕುಲುಕಿ ತೊಳೆಯಲಾಗಿದೆ. ಬಾಯಿಗೆ ಹಾಕುವ ಪ್ಲಾಸ್ಟಿಕ್ ಶ್ರಿಂಕ್ ಕ್ಯಾಪ್ ಎಲ್ಲಿ ಸಿಕ್ಕೀತೆಂದು ಅಳಿಯ ದಾಜಿಬಾನ ಪೇಟೆಯಲ್ಲಿ ವಿಚಾರಿಸುತ್ತಿದ್ದಾನೆ. ಅದನ್ನು ಬಿಸಿ ಮಾಡಿ ಬಿಗಿಯಲು ಬೇಕಾದ ಹೇರ್ ಡ್ರೈಯರ್ ಮನೆಯಲ್ಲಿಯೇ ಇದೆ.