ಲಾಂದ್ರದ ಜೊತೆ ಅದರ ಕಥೆಯನ್ನೂ ಕೊಡಿ

ಹಳೆಯ ರೈಲ್ವೆ ಸಾಮಾನು ಕಾಪಾಡುತ್ತಿದ್ದ ಸ್ವಯಂಸೇವಕರ ಬಳಗ ಮುಚ್ಚಿ, ಸಂಗ್ರಹವನ್ನೆಲ್ಲ ಬೇರೆಯವರಿಗೆ ಒಪ್ಪಿಸುತ್ತಿದೆ ಎಂದು ಓದಿ ಮನಸ್ಸು ಭಾರವಾಯಿತು. ನಾನು ರಾಯಚೂರಿನವನು. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಎರಡೂ ಬಂದು ಕೂಡಿದ್ದು ನಮ್ಮೂರಲ್ಲೇ. ಈಗಿನ ಎಷ್ಟು ಮಕ್ಕಳಿಗೆ ಇದು ಗೊತ್ತು ಹೇಳಿ?

ನಮ್ಮ ತಾತ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರು. ಅವರ ಕೈಲಾಂದ್ರ ಇನ್ನೂ ಮನೆಯಲ್ಲಿದೆ. ಒಂದು ಸಲ ತಿರುಗಿಸಿದರೆ ಕೆಂಪು, ಇನ್ನೊಂದು ಸಲಕ್ಕೆ ಹಸಿರು. ಹಸಿರು ಗಾಜಿನ ಮೂಲೆ ಬಿರುಕು ಬಿಟ್ಟಿದೆ. ಮುಚ್ಚಳ ತೆಗೆದರೆ ಇವತ್ತಿಗೂ ಸೀಮೆಎಣ್ಣೆ ವಾಸನೆ.

ಯಾವ ಸಾಮಾನು ಯಾವ ಸ್ಟೇಷನ್ನಿನದು, ಯಾರು ಬಳಸುತ್ತಿದ್ದರು ಎಂದು ಬರೆದಿಟ್ಟಿದ್ದನ್ನೂ ದಯವಿಟ್ಟು ಜೊತೆಗೇ ಒಪ್ಪಿಸಿ. ಅದಿಲ್ಲದಿದ್ದರೆ ಸುಮ್ನೆ ಗುಜರಿ ಸಾಮಾನು ಆಗಿಬಿಡುತ್ತದೆ, ಅಲ್ವಾ? ವಹಿಸಿಕೊಂಡವರು ಬೀಗ ಹಾಕಿಡದೆ ಮಕ್ಕಳಿಗೆ ತೋರಿಸುವುದಾದರೆ, ತಾತನ ಲಾಂದ್ರವನ್ನು ನಾನೇ ತಂದು ಕೊಡುತ್ತೇನೆ.